ಹಿತ್ತಲ ಗಿಡವೇ ಊರಿನ ಗುರುತು

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಕೃಷ್ಣಾ ನದಿಯ ದಂಡೆಯ ಮೇಲಿನ ಊರುಗಳಲ್ಲಿ ದಾರಿ ಕೇಳಿದರೆ ಬರುವ ಉತ್ತರದಲ್ಲಿ ಒಂದಾದರೂ ಗಿಡ ಇದ್ದೇ ಇರುತ್ತದೆ. ಹುಣಸಿ ಗಿಡದ ಹತ್ತಿರ ಹೊಳ್ಳಬೇಕು, ಬೇವಿನ ಗಿಡ ದಾಟಿದ ಮೇಲೆ ಎರಡನೆಯ ಮನೆ, ಆಲದ ಗಿಡದ ಕಟ್ಟೆಯ ಹಿಂದಿನ ಓಣಿ, ಹೀಗೆ. ಮುಗಿಲಿನೆತ್ತರಕ್ಕೆ ಬೆಳೆದು ನಾಲ್ಕು ಮನೆಗಳಿಗೆ ನೆರಳು ಕೊಟ್ಟರೂ ಅದು ಇಲ್ಲಿಯವರ ಬಾಯಲ್ಲಿ ಮರವಲ್ಲ, ಗಿಡವೇ. ಮೈಸೂರು ಸೀಮೆಯವರಿಗೆ ಇದು ವಿಚಿತ್ರವಾಗಿ ಕೇಳಬಹುದು. ಆದರೆ ಮರವನ್ನು ಸಸಿಯಾಗಿದ್ದ ದಿನದಿಂದ ಬಲ್ಲವರು ಅದನ್ನು ದೊಡ್ಡದಾದ ಮೇಲೂ ಸಣ್ಣ ಹೆಸರಿನಿಂದಲೇ ಕರೆಯುವುದರಲ್ಲಿ ಒಂದು ಸಲಿಗೆಯಿದೆ.

ಈ ಸಲಿಗೆಯ ಬೆಲೆ ಗೊತ್ತಾಗುವುದು ಊರು ಬಿಟ್ಟು ಹೋಗಿ ಬಹುಕಾಲದ ಮೇಲೆ ಮರಳುವವರಿಗೆ. ಹಿಂದೆ ಅಥಣಿ ತಾಲ್ಲೂಕಿನಲ್ಲಿದ್ದು, 2018ರಲ್ಲಿ ರಚನೆಯಾದ ಕಾಗವಾಡ ತಾಲ್ಲೂಕಿಗೆ ಸೇರಿದ ಐನಾಪುರವನ್ನೇ ನೋಡಬಹುದು. ಕೆಲಸ ಅರಸಿ ಸಾಂಗ್ಲಿ, ಮಿರಜ, ಇಚಲಕರಂಜಿ, ಪುಣೆ ಕಡೆಗೆ ಹೋಗುವುದು ಈ ಭಾಗದವರಿಗೆ ಹೊಸದಲ್ಲ. ಹೋದವರು ಸಿದ್ಧೇಶ್ವರ ಜಾತ್ರೆಗೋ, ಮದುವೆಗೋ, ಆಸ್ತಿಯ ಉತಾರ ತೆಗೆಸುವುದಕ್ಕೋ ಮರಳುತ್ತಾರೆ. ಮೋಟಾರಿನಲ್ಲಿ ಬಂದು ಇಳಿದು ಹೋಗುವವರಿಗೆ ಕಾಣುವುದು ಅಂಗಡಿ ಸಾಲು, ಸ್ಲ್ಯಾಬಿನ ಮನೆ ಮತ್ತು ಕಬ್ಬು ಮಾತ್ರ. ಊರು ಎಷ್ಟು ಬದಲಾಗಿದೆ, ಎಲ್ಲಿ ಬದಲಾಗಿಲ್ಲ ಎಂಬುದು ತಿಳಿಯಬೇಕಾದರೆ ಅಗಸಿಯಿಂದ ಹೊಳೆಯ ದಾರಿಯವರೆಗೆ ಕಾಲ್ನಡಿಗೆಯಲ್ಲಿ ಹೋಗಬೇಕು.

ಹಾಗೆ ನಡೆದವರಿಗೆ ಮೊದಲು ಕಾಣದಾಗುವುದು ಮಣ್ಣಿನ ಮಾಳಿಗೆಯ ಮನೆಗಳು. ದಪ್ಪ ಗೋಡೆ, ಮೇಲೆ ತೊಲೆ ಜಂತಿಗಳ ಮೇಲೆ ಹಾಸಿದ ಮಣ್ಣು, ನಡುವೆ ಬೆಳಕಿಂಡಿ, ಪಡಸಾಲೆಯ ಪಕ್ಕದಲ್ಲೇ ದನ ಕಟ್ಟುವ ಜಾಗ, ಜೋಳ ತುಂಬುವ ನೆಲದೊಳಗಿನ ಹಗೇವು. ಉತ್ತರ ಕರ್ನಾಟಕದ ಬಯಲುಸೀಮೆಯ ಹಳೆಯ ಮನೆಯ ಅಂಗಗಳಿವು. ಹಗೇವಿಗೆ ತುಂಬುವಷ್ಟು ಜೋಳವೇ ಇಲ್ಲವೆಂದ ಮೇಲೆ ಹಗೇವು ಉಳಿಯುವುದಾದರೂ ಹೇಗೆ? ಕೃಷ್ಣೆಯ ಆಚೀಚೆ ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತಿದ್ದ ಕರಿಮಣ್ಣಿನ ಎರೆ ಹೊಲಗಳು ಪಂಪು ಮತ್ತು ಏತ ನೀರಾವರಿಯ ನೀರು ಕಂಡು ಕಬ್ಬಿನ ಗದ್ದೆಗಳಾದವು. ಇದರ ಆರಂಭವನ್ನು ನೆರೆಯ ಉಗಾರಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯಿಂದ ಗುರುತಿಸಬಹುದು. ಕಬ್ಬು ಹಣ ತಂದಿತು, ಹಣ ಸಿಮೆಂಟು ತಂದಿತು. ಇದರಲ್ಲಿ ದೂರುವಂಥದು ಏನೂ ಇಲ್ಲ. ಮಳೆಗಾಲ ಬಂದಾಗಲೆಲ್ಲ ಮಾಳಿಗೆ ಏರಿ ಮಣ್ಣು ಹಾಕಿ ಸೋರಿಕೆ ನಿಲ್ಲಿಸಿದವರಿಗೆ ಮಣ್ಣಿನ ಮನೆಯ ಸೊಗಸನ್ನು ಯಾರೂ ವಿವರಿಸಬೇಕಾಗಿಲ್ಲ!

ಆದರೆ ಕಬ್ಬು ಒಂದು ಕೆಲಸ ಮಾಡಿತು. ಹೊಲದ ಬದುವಿನ ಮೇಲಿನ ಗಿಡಗಳು ಹೋದವು. ಕಬ್ಬಿಗೆ ನೆರಳು ಆಗದು, ಟ್ರ್ಯಾಕ್ಟರಿಗೆ ಬುಡ ಅಡ್ಡ. ಗಾಡಿಯ ಗಾಲಿ, ಕುಂಟೆ, ನೊಗಗಳಿಗೆ ಕರಿಜಾಲಿ ಬೇಕಾಗಿದ್ದ ಕಾಲದಲ್ಲಿ ಬಡಿಗನಿಗಾಗಿಯಾದರೂ ಬದುವಿನಲ್ಲಿ ನಾಲ್ಕು ಗಿಡ ಬಿಡುತ್ತಿದ್ದರು. ಎತ್ತುಗಳೇ ಕಡಿಮೆಯಾದ ಮೇಲೆ ಆ ಕಾರಣವೂ ಇಲ್ಲವಾಯಿತು. ಉಳಿದದ್ದು ಗಾವಠಾಣಾದೊಳಗಿನ ಗಿಡಗಳು: ಗುಡಿಯ ಮುಂದಿನ ಆಲ, ಬನ್ನಿ, ಪತ್ರಿ, ಮತ್ತು ಮನೆಯ ಹಿಂದಿನ ಹಿತ್ತಲಿನಲ್ಲಿ ಯಾರೋ ಅಜ್ಜಿ ಬಚ್ಚಲ ನೀರು ಬಿಟ್ಟು ಬೆಳೆಸಿದ ಬೇವು, ನುಗ್ಗೆ, ಪೇರಲ, ತೆಂಗು. ಮನೆ ಮಾರಿ ಹೋದರೂ, ಗೋಡೆ ಬಿದ್ದು ಬೇರೆಯವರು ಕಟ್ಟಿಕೊಂಡರೂ, ಮರಳಿ ಬಂದವರು ನಿಂತು ಇದೇ ನಮ್ಮ ಜಾಗ ಎಂದು ಹೇಳುವುದು ಹೆಚ್ಚಾಗಿ ಇಂಥ ಗಿಡವೊಂದನ್ನು ನೋಡಿಯೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಎಷ್ಟೇ ಪ್ರಸಿದ್ಧವಾಗಿರಲಿ, ಗುರುತಿಗೆ ಮಾತ್ರ ಹಿತ್ತಲ ಗಿಡವೇ ಬೇಕು.

ಶಾಸನದ ಎಲ್ಲೆ, ಸರ್ವೆಯ ಕಲ್ಲು

ಗಿಡವನ್ನು ಗುರುತಾಗಿ ಹಿಡಿಯುವ ಈ ರೂಢಿ ಇಂದಿನದಲ್ಲ. ಕನ್ನಡ ನಾಡಿನ ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವಾಗ ಹಳ್ಳ, ಹುತ್ತ, ನೆಟ್ಟ ಕಲ್ಲುಗಳ ಜತೆಗೆ ಮರಗಳೂ ಬರುತ್ತವೆ. ಮೂಡಣಕ್ಕೆ ಇಂಥ ಹುಣಸೆ, ತೆಂಕಣಕ್ಕೆ ಇಂಥ ಆಲ ಎಂದು ಬರೆಯಿಸಿದವರಿಗೆ ಆ ಮರ ತಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಂತಿರುತ್ತದೆ ಎಂಬ ಭರವಸೆ ಇದ್ದಿರಬೇಕು. ಕೃಷ್ಣೆಯ ಈ ಬಯಲನ್ನು ಆಳಿದ ಕಲ್ಯಾಣ ಚಾಲುಕ್ಯರು, ಸವದತ್ತಿಯ ರಟ್ಟರು, ಕೊಲ್ಲಾಪುರದ ಶಿಲಾಹಾರರು ಇವರ ಕಾಲದಲ್ಲಿ ದೇವಾಲಯ, ಬಸದಿಗಳಿಗೆ ಹೊಲವನ್ನಷ್ಟೇ ಅಲ್ಲದೆ ಹೂದೋಟವನ್ನೂ ಬಿಡುವ ಪದ್ಧತಿಯಿತ್ತು. ಹೊಲವನ್ನು ಅಳೆಯುವಂತೆ ತೋಟವನ್ನೂ ಮತ್ತರು, ಕಮ್ಮಗಳಲ್ಲಿ ಅಳೆದು ಕೊಡುತ್ತಿದ್ದರು. ಊರುಗಳಿಗೂ ಗಿಡಗಳ ಹೆಸರು ಬಂದಿದೆ: ಬೇವೂರು, ಹುಣಸಗಿ, ಬನ್ನಿಕೊಪ್ಪ.

ರಾಜರು ಮರ ನೆಡಿಸಿದ್ದಕ್ಕೆ ಅಶೋಕನ ಉದಾಹರಣೆ ಶಾಲಾ ಪುಸ್ತಕದಲ್ಲೇ ಸಿಗುತ್ತದೆ. ದಾರಿಯಲ್ಲಿ ಆಲದ ಮರ, ಮಾವಿನ ತೋಪು ಮಾಡಿಸಿದ ಸಂಗತಿ ಅವನ ಏಳನೆಯ ಸ್ತಂಭಶಾಸನದಲ್ಲಿದೆ. ಆದರೆ ಐನಾಪುರಕ್ಕೆ ಹೆಚ್ಚು ಹತ್ತಿರದ, ಹೆಚ್ಚು ಅರ್ಥಪೂರ್ಣವಾದ ದಾಖಲೆ ಮರಾಠಿಯ ‘ಆಜ್ಞಾಪತ್ರ’. 18ನೆಯ ಶತಮಾನದ ಮೊದಲ ಭಾಗದಲ್ಲಿ ಕೊಲ್ಲಾಪುರದ ದರ್ಬಾರಿನಲ್ಲಿ ರಾಮಚಂದ್ರಪಂತ ಅಮಾತ್ಯ ಬರೆದ ರಾಜನೀತಿಯ ಗ್ರಂಥವಿದು. ಹಡಗು ಕಟ್ಟಲು ಮರ ಬೇಕು. ಮಾವು, ಹಲಸುಗಳೂ ಹಡಗಿಗೆ ಬರುವಂಥವೇ. ಆದರೂ ಅವುಗಳ ಮೇಲೆ ಕೈ ಹಾಕಕೂಡದು ಎನ್ನುತ್ತದೆ ಆಜ್ಞಾಪತ್ರ. ಅದು ಕೊಡುವ ಕಾರಣ ನೋಡಬೇಕು: ಇವು ಒಂದೆರಡು ವರ್ಷದಲ್ಲಿ ಆಗುವ ಮರಗಳಲ್ಲ, ರೈತರು ಮಕ್ಕಳಂತೆ ಬಹುಕಾಲ ಸಾಕಿದವು, ಕಡಿದರೆ ಅವರ ದುಃಖಕ್ಕೆ ಮಿತಿ ಇರದು. ತೀರ ಬೇಕಾದರೆ, ಹಳತಾದ ಮರವನ್ನು ಒಡೆಯನ ಮನಸ್ಸು ಒಪ್ಪಿಸಿ, ಹಣ ಕೊಟ್ಟು ಕಡಿಯಬೇಕು. ಮರದ ಬೆಲೆಯನ್ನು ಮರದಲ್ಲಿ ಅಳೆಯದೆ ಸಾಕಿದವನ ವರ್ಷಗಳಲ್ಲಿ ಅಳೆದ ರಾಜಾಜ್ಞೆ ಇದು. ಆಡಳಿತದ ಬರವಣಿಗೆಯಲ್ಲಿ ಇಂಥ ಮಾತು ಅಪರೂಪ.

1818ರಲ್ಲಿ ಪೇಶ್ವೆಯ ಆಡಳಿತ ಮುಗಿದ ಮೇಲೆ ಬಂದ ಕಂಪನಿ ಸರಕಾರಕ್ಕೆ ಎಲ್ಲೆ ತೋರಿಸಲು ಗಿಡ ಸಾಲಲಿಲ್ಲ. ಮುಂಬಯಿ ಪ್ರಾಂತದ ಸರ್ವೆ ಇಲಾಖೆ ಸರಪಳಿ ಹಿಡಿದು ಹೊಲ ಅಳೆದು, ಮೂಲೆಗೆ ಕಲ್ಲು ನೆಟ್ಟು ನಂಬರು ಕೊಟ್ಟಿತು. ಗಿಡ ಯಾರದು ಎಂಬ ಪ್ರಶ್ನೆ ಮಾತ್ರ ಉಳಿಯಿತು. 1879ರ ಮುಂಬಯಿ ಭೂಕಂದಾಯ ಕಾಯ್ದೆ ಇದನ್ನು ಹೀಗೆ ಬಗೆಹರಿಸಿತು: ಸರ್ವೆ ಮುಗಿದ ಹಳ್ಳಿಗಳಲ್ಲಿ ಸರಕಾರ ತನಗೆಂದು ಕಾಯ್ದಿರಿಸಿಕೊಂಡ ಮರಗಳನ್ನು ಬಿಟ್ಟು ಉಳಿದವು ಭೂಮಿ ಹಿಡಿದವನವು. ಸಾಗವಾನಿ, ಬೀಟೆ, ಗಂಧ ಸರಕಾರದ ಕಣ್ಣು ಬಿದ್ದ ಮರಗಳು. ಬೇವು, ಹುಣಸೆ ಬಚಾವಾದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1964ರ ಭೂಕಂದಾಯ ಕಾಯ್ದೆ ಬಂತು. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅಪ್ಪಣೆ ಬೇಕೆಂದಾಯಿತು. ಸ್ವಂತ ಗಿಡ ಕಡಿಯುವುದಕ್ಕೂ ಒಂದು ಅರ್ಜಿ!

ಲೆಕ್ಕಕ್ಕೆ ಬಾರದ ಗಿಡ

ಕೃಷ್ಣಾ ದಂಡೆಯ ಊರುಗಳಲ್ಲಿ ಗಿಡದ ಶತ್ರು ಕೊಡಲಿ ಒಂದೇ ಅಲ್ಲ. 2005ರಲ್ಲಿ ಮತ್ತು ಅದಕ್ಕಿಂತ ಭೀಕರವಾಗಿ 2019ರ ಆಗಸ್ಟ್‌ನಲ್ಲಿ ಹೊಳೆ ಊರೊಳಗೆ ಬಂತು. ಪಶ್ಚಿಮ ಘಟ್ಟದ ಮಳೆ, ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರು, ಒಳಬರುವ ಉಪನದಿಗಳು ಎಲ್ಲ ಕೂಡಿ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಭಾಗದ ನದಿದಂಡೆಯ ಹಳ್ಳಿಗಳನ್ನು ದಿನಗಟ್ಟಲೆ ಮುಳುಗಿಸಿದವು. ಮಣ್ಣಿನ ಗೋಡೆ ಬುಡದಲ್ಲಿ ನೆನೆದರೆ ತಲೆಯ ಮೇಲಿನ ಮಾಳಿಗೆಯ ಭಾರವೇ ಅದನ್ನು ಕೆಡವುತ್ತದೆ. ನೀರು ಇಳಿದ ಮೇಲೆ ಬಂದವರಿಗೆ ಎಷ್ಟೋ ಕಡೆ ಸಿಕ್ಕಿದ್ದು ಮಣ್ಣಿನ ಗುಡ್ಡೆ.

ಆಗ ಸರಕಾರ ಮನೆಯ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಣೆಯಾಯಿತು. ಬೆಳೆಹಾನಿಗೆ ಹೆಕ್ಟೇರ್ ಲೆಕ್ಕ. ಶೇ 33ಕ್ಕಿಂತ ಹೆಚ್ಚು ನಷ್ಟವಾಗಿರಬೇಕು, ತೋಟಗಾರಿಕೆ ಬೆಳೆಯಾದರೆ ಒಂದು ದರ, ನೀರಾವರಿಯಾದರೆ ಇನ್ನೊಂದು. ಹಿತ್ತಲಿನಲ್ಲಿ ಒಂಟಿಯಾಗಿ ನಿಂತಿದ್ದ ಮೂವತ್ತು ವರ್ಷದ ಗಿಡ ಮನೆಯೂ ಅಲ್ಲ, ಬೆಳೆಯೂ ಅಲ್ಲ. ಆ ಕೋಷ್ಟಕದಲ್ಲಿ ಅದಕ್ಕೆ ಕಲಮೇ ಇಲ್ಲ.

ಇದೇ ಗಿಡ ಅಣೆಕಟ್ಟಿನ ಹಿನ್ನೀರಿಗೆ ಹೋದರೆ ಮಾತು ಬೇರೆ. 1894ರ ಭೂಸ್ವಾಧೀನ ಕಾಯ್ದೆಯಲ್ಲೂ, ಅದರ ಜಾಗಕ್ಕೆ ಬಂದ 2013ರ ಕಾಯ್ದೆಯಲ್ಲೂ ಜಮೀನಿನ ಮೇಲಿನ ಮರಗಳಿಗೆ ಪರಿಹಾರವುಂಟು. ಹೊಸ ಕಾಯ್ದೆಯ ಪ್ರಕಾರ ಬೆಲೆ ಕಟ್ಟಲು ಕೃಷಿ, ಅರಣ್ಯ, ತೋಟಗಾರಿಕೆ ತಜ್ಞರ ನೆರವನ್ನೂ ಪಡೆಯಬಹುದು. ಅಂದರೆ ಸರಕಾರ ತೆಗೆದುಕೊಂಡರೆ ಗಿಡಕ್ಕೆ ಬೆಲೆಯಿದೆ, ಹೊಳೆ ತೆಗೆದುಕೊಂಡರೆ ಇಲ್ಲ. ನೆರೆ ಪರಿಹಾರವೆಂಬುದು ನಷ್ಟ ತುಂಬಿಕೊಡುವುದಲ್ಲ, ತಕ್ಷಣದ ಆಸರೆ ಮಾತ್ರ ಎಂಬ ವಾದ ಕಚೇರಿಯಲ್ಲಿ ಸರಿಯೇ. ಆದರೆ ನದಿಯಿಂದ ದೂರ ಎತ್ತರದ ಜಾಗಕ್ಕೆ ಹೋಗಿರೆಂದು ಹೇಳಿದಾಗ ಜನ ಹಿಂಜರಿಯುವುದೇಕೆ ಎಂದು ಅಚ್ಚರಿಪಡುವ ಅಧಿಕಾರಿಗಳು ಬೋಳು ನಿವೇಶನದಲ್ಲಿ ಒಂದು ಏಪ್ರಿಲ್ ತಿಂಗಳು ಇದ್ದು ನೋಡಬೇಕು. ಹಳೆಯ ಊರಿನಲ್ಲಿ ಮಧ್ಯಾಹ್ನ ಬಾಣಂತಿಯ ಹೊರಸು, ಕಟ್ಟಿದ ಎಮ್ಮೆ, ಕಾಳು ಹಸನು ಮಾಡುವ ಹೆಂಗಸರು ಎಲ್ಲರಿಗೂ ಇದ್ದ ನೆರಳು ಅಲ್ಲಿ ಇರುವುದಿಲ್ಲ.

ಇದೇ ನದಿಯ ಕೆಳಭಾಗದ ಬಾಗಲಕೋಟೆ ಈ ಅನುಭವವನ್ನು ದೊಡ್ಡ ಪ್ರಮಾಣದಲ್ಲಿ ಕಂಡಿದೆ. 1964ರಲ್ಲಿ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಪೇಟೆಯ ಬಹುಭಾಗವನ್ನು ನುಂಗಿತು. ಜನ ಸೆಕ್ಟರು, ಪ್ಲಾಟು ನಂಬರುಗಳ ನವನಗರಕ್ಕೆ ಹೋದರು. ಅಲ್ಲಿ ರಸ್ತೆ ಅಗಲ, ಚರಂಡಿ ಅಚ್ಚುಕಟ್ಟು. ಆದರೆ ವಿಳಾಸ ಹೇಳಲು ಗಿಡವಿಲ್ಲದ ಊರಿನಲ್ಲಿ ನಂಬರು ಬಿಟ್ಟು ಬೇರೇನು ಹೇಳುವುದು? ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೆಯ ನೆಲದಲ್ಲಿ ಮನೆಯ ಬುನಾದಿ ಹುಡುಕುವವರಿಗೆ ಗಿಡದ ನೆರವೂ ಸಿಗದು. ಬೇವಿನ ಬೇರಿಗೆ ಗಾಳಿ ಬೇಕು. ಕೆಲವು ದಿನದ ನೆರೆಯನ್ನು ಅದು ತಡೆಯಬಹುದು, ತಿಂಗಳುಗಟ್ಟಲೆ ನಿಲ್ಲುವ ನೀರನ್ನು ತಡೆಯದು.

ಮೂರು ಬೇಸಿಗೆ

ಸಾಕಿದವರ ಹಕ್ಕು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಹುಲಿಕಲ್‌ನ ಸಾಲುಮರದ ತಿಮ್ಮಕ್ಕನವರ ಉದಾಹರಣೆಯಿದೆ. ಪತಿಯೊಂದಿಗೆ ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಅವರು ಬೆಳೆಸಿದ ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳಿಗೆ 2019ರಲ್ಲಿ ರಸ್ತೆ ವಿಸ್ತರಣೆಯ ಭೀತಿ ಬಂದಾಗ ಅವರು ಸರಕಾರದ ಬಾಗಿಲಿಗೇ ಹೋಗಿ ಕೇಳಿದರು. ಅದೇ ವರ್ಷ ಪದ್ಮಶ್ರೀ ಪಡೆದಿದ್ದ ಅಜ್ಜಿಯ ಮಾತಿಗೆ ಮನ್ನಣೆ ಸಿಕ್ಕಿತು. ಹಿತ್ತಲಿನಲ್ಲಿ ಒಂದೇ ಗಿಡ ಸಾಕಿದವರಿಗೆ ಅಂಥ ಹೆಸರು ಇರುವುದಿಲ್ಲ, ಆದರೆ ದುಡಿಮೆ ಅದೇ.

ಮಳೆ ನೆರಳಿನ ಈ ಸೀಮೆಯಲ್ಲಿ ಗಿಡ ಹಚ್ಚುವುದು ಸುಲಭ, ಮೊದಲ ಎರಡು–ಮೂರು ಬೇಸಿಗೆ ದಾಟಿಸುವುದೇ ಕಷ್ಟ. ಅದಕ್ಕೆ ಹಿರಿಯರು ಕಂಡುಕೊಂಡ ಉಪಾಯಗಳು ಸರಳ. ಆಡು ಬಾಯಿ ಹಾಕದಂತೆ ಸುತ್ತ ಜಾಲಿಮುಳ್ಳು. ಬಚ್ಚಲ ನೀರನ್ನು ಸಣ್ಣ ಕಾಲುವೆ ಮಾಡಿ ಬುಡಕ್ಕೆ ತಿರುಗಿಸುವುದು. ಬಚ್ಚಲು ದೂರವಿದ್ದರೆ ಬುಡದ ಪಕ್ಕ ಕತ್ತಿನವರೆಗೆ ಗಡಿಗೆ ಹೂತು ನೀರು ತುಂಬಿ ಮುಚ್ಚುವುದು. ಸುಟ್ಟ ಮಣ್ಣಿನ ಮೈಯಿಂದ ಜಿನುಗುವ ನೀರನ್ನು ಬೇರು ತಾನೇ ಹುಡುಕಿಕೊಂಡು ಬರುತ್ತದೆ. ಬುಡಕ್ಕೆ ಹೊಟ್ಟು, ಕಸಕಡ್ಡಿ ಮುಚ್ಚಿದರೆ ಕರಿಮಣ್ಣು ಬಿರಿಯುವುದೂ ತಗ್ಗುತ್ತದೆ.

ಬೇವಿಗೆ ಇನ್ನೊಂದು ಅವಸರವಿದೆ. ಮುಂಗಾರಿನ ಹೊತ್ತಿಗೆ ಹಣ್ಣಾಗಿ ಉದುರುವ ಬೇವಿನ ಬೀಜ ಹುಣಸೆ ಬೀಜದಂತೆ ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತಲು ಬರುವಂಥದಲ್ಲ. ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಹಳೆಯ ಮನೆಯ ಬೇವಿನ ಸಂತಾನವನ್ನೇ ಹೊಸ ಜಾಗಕ್ಕೆ ಒಯ್ಯಬೇಕೆನ್ನುವವರು ಆ ಗಿಡ ಇನ್ನೂ ನಿಂತಿರುವಾಗ, ಕೃಷ್ಣೆ ತುಂಬಿ ಬರುವ ಮೊದಲು, ಬುಡದಲ್ಲಿ ಬಿದ್ದ ಹಣ್ಣು ಆರಿಸಿ ತಿರುಳು ತೊಳೆದು ನೆರಳಿನಲ್ಲಿ ಆರಿಸಿ, ಆ ವಾರವೇ ಬಿತ್ತಬೇಕಾಗುತ್ತದೆ.