ಬೆಂಗಳೂರು ಎಫ್‌ಸಿ: 2023–24ರ ಋತು

ಬೆಂಗಳೂರು ಫುಟ್‌ಬಾಲ್ ಕ್ಲಬ್ 2023–24ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ 12 ತಂಡಗಳ ಪೈಕಿ 10ನೆಯದಾಗಿ ಉಳಿಯಿತು. 22 ಪಂದ್ಯಗಳಲ್ಲಿ 5 ಗೆಲುವು, 7 ಡ್ರಾ, 10 ಸೋಲು. ಗಳಿಸಿದ್ದು 22 ಅಂಕ. 2013ರಲ್ಲಿ ಹುಟ್ಟಿ, ಎರಡು ಸಲ ಐ-ಲೀಗ್ ಮತ್ತು 2018–19ರಲ್ಲಿ ಸೂಪರ್ ಲೀಗ್ ಗೆದ್ದಿದ್ದ ಕ್ಲಬ್ ಲೀಗಿನಲ್ಲಿ ಅಷ್ಟು ಕೆಳಕ್ಕೆ ಹಿಂದೆಂದೂ ಇಳಿದಿರಲಿಲ್ಲ. ಆ ಲೀಗಿನಲ್ಲಿ ಆಡುತ್ತಿದ್ದ ಕರ್ನಾಟಕದ ತಂಡ ಇದೊಂದೇ. ದಾವಣಗೆರೆ, ಹರಿಹರದ ಫುಟ್‌ಬಾಲ್ ಪ್ರಿಯರಿಗೂ ತವರು ಮೈದಾನವೆಂದರೆ ಸುಮಾರು 260 ಕಿ.ಮೀ. ಆಚೆಯ ಬೆಂಗಳೂರಿನ ಕಂಠೀರವ ಕ್ರೀಡಾಂಗಣವೇ.

ಸೋಲಿನ ಬೇರು ಪಂದ್ಯಗಳು ಶುರುವಾಗುವ ಮೊದಲೇ ಇತ್ತು. ಅದರ ಹಿಂದಿನ ಋತುವಿನಲ್ಲಿ ಇಂಗ್ಲೆಂಡಿನ ತರಬೇತುದಾರ ಸೈಮನ್ ಗ್ರೇಸನ್ ತಂಡವನ್ನು ಫೈನಲ್‌ವರೆಗೆ ಒಯ್ದಿದ್ದರು. ಮೋಹನ್ ಬಾಗಾನ್ ಎದುರು ಸೋತದ್ದು ಪೆನಾಲ್ಟಿ ಶೂಟೌಟ್‌ನಲ್ಲಿ. ಆಮೇಲೆ ಆ ತಂಡ ಚದುರಿಹೋಯಿತು. ರಕ್ಷಣೆಯ ಸಂದೇಶ್ ಜಿಂಗನ್, ವಿಂಗರ್ ಉದಾಂತ ಸಿಂಗ್ ಗೋವಾಕ್ಕೆ ಹೋದರು. ಮುಂಪಡೆಯ ರಾಯ್ ಕೃಷ್ಣ ಒಡಿಶಾ ಸೇರಿದರು. ಬಂದವರು ಆ ಜಾಗ ತುಂಬಲಿಲ್ಲ.

ನಾಯಕ ಸುನಿಲ್ ಛೆಟ್ರಿ ಏಷ್ಯನ್ ಗೇಮ್ಸ್‌ಗೆ ತೆರಳಿದ್ದಾಗ ಮೊದಲ ಎರಡು ಪಂದ್ಯಗಳು ಕೈತಪ್ಪಿದವು: ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು 1–2, ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಎದುರು 0–1. ಅವರು ಮರಳಿದ ಮೇಲೆ ಈಸ್ಟ್ ಬೆಂಗಾಲನ್ನು 2–1ರಿಂದ ಮಣಿಸಿದ್ದು ನಿಜ, ಆದರೆ ಗೆಲುವು ಅಲ್ಲಿಗೇ ನಿಂತಿತು. ಡಿಸೆಂಬರ್ 8ರಂದು ಮುಂಬೈ ಸಿಟಿ ಕಂಠೀರವದಲ್ಲೇ 4–0ರಿಂದ ಸೋಲಿಸಿತು. ಮರುದಿನ ಗ್ರೇಸನ್ ನಿರ್ಗಮಿಸಿದರು, ಆಮೇಲೆ ಸ್ಪೇನಿನ ಜೆರಾರ್ಡ್ ಜರಗೋಜ ಬಂದರು. ಒಂಬತ್ತು ಪಂದ್ಯಗಳಲ್ಲಿ ಒಂದೇ ಗೆಲುವು ಕಂಡ ತರಬೇತುದಾರರನ್ನು ಉಳಿಸಿಕೊಳ್ಳುವುದು ಕಷ್ಟವೇ. ಆದರೂ ಆಟಗಾರರ ಆಯ್ಕೆಯ ಲೋಪವನ್ನೆಲ್ಲ ಅವರೊಬ್ಬರ ಹೆಗಲಿಗೆ ಹಾಕಿದ್ದು ಪೂರ್ತಿ ನ್ಯಾಯವಲ್ಲ. ತರಬೇತುದಾರ ಬದಲಾದ ಮೇಲೂ ತಂಡ ಮೇಲೇಳಲಿಲ್ಲ.

ಮಾರ್ಚ್ 2ರಂದು ಕೇರಳವನ್ನು ತವರಿನಲ್ಲಿ 1–0ರಿಂದ ಸೋಲಿಸಿದ್ದು ಅಭಿಮಾನಿಗಳಿಗೆ ಸಿಕ್ಕ ದೊಡ್ಡ ಸಮಾಧಾನ. ಗೋಲು ಹಾವಿ ಹೆರ್ನಾಂಡೆಜ್ ಅವರದು. ಏಪ್ರಿಲ್ 11ರ ಕೊನೆಯ ಪಂದ್ಯದಲ್ಲಿ ಮೋಹನ್ ಬಾಗಾನ್ ಅದೇ ಮೈದಾನದಲ್ಲಿ ಮುಂಬೈಯಂತೆಯೇ 4–0 ಬಾರಿಸಿತು. ಪ್ಲೇಆಫ್‌ನ ಆರನೆಯ ಸ್ಥಾನ ಕೇವಲ ಐದು ಅಂಕ ದೂರದಲ್ಲಿತ್ತು ಎಂಬುದು ತಂಡದ ಸತ್ವಕ್ಕಿಂತ ಲೀಗಿನ ಪೈಪೋಟಿ ಎಷ್ಟು ಸಡಿಲವಾಗಿತ್ತೆಂಬುದನ್ನು ಹೇಳುತ್ತದೆ. ಇಂಗ್ಲೆಂಡಿನ ಅತ್ಯುನ್ನತ ಲೀಗಿನಲ್ಲಿ ಕೊನೆಯ ಮೂರು ತಂಡಗಳು ಕೆಳದರ್ಜೆಗೆ ಬೀಳುತ್ತವೆ. ಇಲ್ಲಿ ಆ ಭಯ ಇರಲಿಲ್ಲ.

ಜರಗೋಜ ಅವರ ಕೈಕೆಳಗೇ 2024–25ರಲ್ಲಿ ತಂಡ ಮೂರನೆಯ ಸ್ಥಾನಕ್ಕೇರಿತು. ಛೆಟ್ರಿ 14 ಗೋಲು ಹೊಡೆದರು. ತಂಡ ಫೈನಲ್ ತಲುಪಿತಾದರೂ ಅಲ್ಲಿ ಮೋಹನ್ ಬಾಗಾನ್ ಹೆಚ್ಚುವರಿ ಸಮಯದಲ್ಲಿ 2–1ರಿಂದ ಗೆದ್ದಿತು.