ದಂಡಿನ ಚೆಂಡು, ನಾಡಿನ ಹೆಸರು

ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇತಿಹಾಸವೆಂದೊಡನೆ ಜನ ಕಲ್ಲಿನ ಕಡೆಗೆ ಕೈ ತೋರಿಸುತ್ತಾರೆ. ದೇವನಹಳ್ಳಿಯ ಕೋಟೆ, ನೆಲಮಂಗಲದ ಕಡೆಯ ಶಿವಗಂಗೆ, ಹೊಸಕೋಟೆಯ ದೊಡ್ಡ ಕೆರೆಯ ಏರಿ, ಹಳ್ಳಿಯ ಹೊರಗೆ ಒರಗಿಕೊಂಡಿರುವ ವೀರಗಲ್ಲು, ಇವು ಇತಿಹಾಸ. ನೂರು, ನೂರಿಪ್ಪತ್ತು ಗಜ ಉದ್ದದ ಒಂದು ಬಯಲು, ಅದರ ಎರಡು ತುದಿಗೂ ಒಂದೊಂದು ಜೊತೆ ಗೋಲುಕಂಬ, ಇವಕ್ಕೂ ಇತಿಹಾಸವುಂಟೆಂದರೆ ನಗುವವರೇ ಹೆಚ್ಚು. ಕೋಟೆ ಗೆದ್ದವನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯೊಡನೆ ರದ್ದಿಯ ಅಂಗಡಿಗೆ ಹೋಗುತ್ತದೆ. ಆದರೆ ಒಂದು ನಾಡು ತನ್ನ ಹೆಸರನ್ನು ಯಾರ ಕೈಗೆ, ಇಲ್ಲಿ ಕಾಲಿಗೆ ಎನ್ನಬೇಕು, ಒಪ್ಪಿಸಿತ್ತೆಂಬುದನ್ನು ತಿಳಿಯಬೇಕಾದರೆ ಆ ಬಯಲನ್ನೂ ನೋಡಬೇಕಾಗುತ್ತದೆ.

ನನಗೆ ಅದನ್ನು ನೋಡುವ ಅವಕಾಶ ಒದಗಿದ್ದು ನನ್ನ ವಿದ್ಯಾರ್ಥಿಯೊಬ್ಬನಿಂದ. ದೊಡ್ಡಬಳ್ಳಾಪುರದ ನೇಕಾರರ ಮನೆಯ ಹುಡುಗ. ಹಳಗನ್ನಡವೆಂದರೆ ತೂಕಡಿಸುವವನು, ಚೆಂಡೆಂದರೆ ಕಣ್ಣರಳಿಸುವವನು. ಬೆಂಗಳೂರಿನ ಕೆಳದರ್ಜೆಯ ಲೀಗ್ ಪಂದ್ಯಗಳಲ್ಲಿ ಆಡುವ ಒಂದು ತಂಡಕ್ಕೆ ಅವನು ಸೇರಿದ್ದನು. “ಒಂದ್ಸಲ ಬಂದು ನೋಡಿ ಸಾರ್” ಎಂದು ಅವನು ಕರೆದ ಮೇಲೆ ಹೋಗದಿರಲು ಮನಸ್ಸಾಗಲಿಲ್ಲ. ನಮ್ಮೂರಿನಿಂದ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಮೇಯೋ ಹಾಲಿನ ಕಡೆಗೆ ಇನ್ನೊಂದು. ಒಟ್ಟು ಸುಮಾರು ನಲವತ್ತು ಕಿಲೋಮೀಟರು. ಹೀಗೆ ಪರಸ್ಥಳದಿಂದ ತನ್ನ ತಂಡದ ಹಿಂದೆ ಹೊರಟ ಅಭಿಮಾನಿಗಳ ಪಂಗಡಕ್ಕೆ ನಾನೂ ಸೇರಿದೆನು. ಪಂಗಡವೆಂದೆನಲ್ಲ, ಆ ದಿನ ಅದರಲ್ಲಿದ್ದವನು ನಾನೊಬ್ಬನೇ.

ಈ ಎರಡನೆಯ ಬಸ್ಸಿನ ದಾರಿ ಬಹಳ ಅರ್ಥವತ್ತಾದದ್ದು. ಪೇಟೆಯ ಬೆಂಗಳೂರನ್ನು ಬಿಟ್ಟು ದಂಡಿನ ಬೆಂಗಳೂರನ್ನು ಹೊಗುವ ದಾರಿ ಅದು. 1809ರಲ್ಲಿ ಬ್ರಿಟಿಷರು ಇಲ್ಲಿ ಸೈನ್ಯವನ್ನು ಇಳಿಸಿದ ಮೇಲೆ ಒಂದೇ ಹೆಸರಿನ ಎರಡು ಊರುಗಳು ಬೆಳೆದವು. ಪೇಟೆಯಲ್ಲಿ ಕನ್ನಡ, ತೆಲುಗು. ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷು. 1870ರ ಸುಮಾರಿಗೆ ರೂಪುಗೊಂಡ ಕಬ್ಬನ್ ಪಾರ್ಕು ನಡುವಿನ ಹಸಿರು ಗಡಿಯಾಯಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ವಂಶಕ್ಕೆ ಮರಳಿ ಬಂದಾಗಲೂ ದಂಡು ಬರಲಿಲ್ಲ; ಅದು ಬ್ರಿಟಿಷರ ಆಡಳಿತದಲ್ಲಿಯೇ ಉಳಿದು, 1947ರಲ್ಲಿ ಮಾತ್ರ ಮೈಸೂರಿಗೆ ಸೇರಿತು.

ಕಾಲ್ಚೆಂಡಾಟ ನಮ್ಮ ನಾಡಿಗೆ ಬಂದದ್ದು ಈ ದಂಡಿನ ಬಾಗಿಲಿನಿಂದ. ಗೋರಾ ಸಿಪಾಯಿಗಳು ಬೂಟು ಕಟ್ಟಿಕೊಂಡು ಆಡಿದ್ದನ್ನು ಸುತ್ತಲಿನ ಕೇರಿಗಳ ಹುಡುಗರು ಬರಿಗಾಲಿನಲ್ಲಿ ಕಲಿತರು. ಕಲಿತವರು ಕಲಿಸಿದವರನ್ನು ಮೀರಿಸಿದ ಕಥೆ ಇತಿಹಾಸದಲ್ಲಿ ಅಪರೂಪವಲ್ಲ. ಇಲ್ಲಿ ಅದು ಕಣ್ಣಿಗೆ ಕಟ್ಟುವಂತೆ ನಡೆಯಿತು. ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾದಂದಿನಿಂದ ಗೋರಾ ಪಲ್ಟನ್ನುಗಳ ಪಿತ್ರಾರ್ಜಿತ ಸ್ವತ್ತಿನಂತೆ ಇದ್ದಿತು. 1937ರಲ್ಲಿ ಅದನ್ನು ಅವರಿಂದ ಕಸಿದುಕೊಂಡ ಮೊದಲ ಭಾರತೀಯ ತಂಡ ಕಲ್ಕತ್ತೆಯದೂ ಅಲ್ಲ, ಮುಂಬಯಿಯದೂ ಅಲ್ಲ. ನಮ್ಮ ‘ಬೆಂಗಳೂರ್ ಮುಸ್ಲಿಮ್ಸ್’. ಮರುವರ್ಷವೂ ಕಪ್ಪು ಅವರ ಪಾಲಿಗೇ ಬಂದಿತು.

ಇದಕ್ಕಿಂತ ಸ್ವಾರಸ್ಯವಾದದ್ದು ಸಂತೋಷ್ ಟ್ರೋಫಿಯ ಕಥೆ. ಈಗ ಬಾಂಗ್ಲಾದೇಶದಲ್ಲಿರುವ ಸಂತೋಷ್ ಎಂಬ ಊರಿನ ಮಹಾರಾಜರ ಹೆಸರಿನಲ್ಲಿ 1941ರಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ತಂಡಗಳು ಆಡುವುದು ಪ್ರಾಂತಗಳ ಹೆಸರಿನಲ್ಲಿ. 1946-47ರಲ್ಲಿ ಮೈಸೂರು, ಬಂಗಾಳವನ್ನು ಬೆಂಗಳೂರಿನಲ್ಲಿಯೇ ಸೋಲಿಸಿ ಅದನ್ನು ಗೆದ್ದಿತು. ವಾಚಕರು ಆ ವರ್ಷವನ್ನು ಗಮನಿಸಬೇಕು. ದಂಡು ಇನ್ನೂ ಮೈಸೂರಿನ ಆಡಳಿತಕ್ಕೆ ಬಂದಿರಲಿಲ್ಲ. ದಂಡಿನ ಆಟ ಮಾತ್ರ ಆಗಲೇ ಮೈಸೂರಿನದಾಗಿತ್ತು. ಕಾಗದದ ಮೇಲೆ ನಾಡು ಕೂಡಿಕೊಳ್ಳುವ ಮುನ್ನವೇ ಅಂಗಿಯ ಮೇಲೆ ಕೂಡಿಕೊಂಡಿತ್ತೆನ್ನಬಹುದು.

ಮರುವರ್ಷವೇ ಲಂಡನ್ನಿನ ಒಲಿಂಪಿಕ್ ಕೂಟ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಕಾಲ್ಚೆಂಡಿನ ಪಂದ್ಯ ನಡೆದದ್ದು ವೆಂಬ್ಲಿಯಂಥ ಮಹಾಮೈದಾನದಲ್ಲಿ ಅಲ್ಲ. ಲಂಡನ್ನಿನ ಹೊರವಲಯದ ಇಲ್‌ಫರ್ಡ್ ಎಂಬಲ್ಲಿನ ಕ್ರಿಕಲ್‌ಫೀಲ್ಡ್ ಎಂಬ ಸಣ್ಣ ಮೈದಾನದಲ್ಲಿ, 1948ರ ಜುಲೈ 31ರಂದು. ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನವರು. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ಅದನ್ನು ಸರಿಗಟ್ಟಿದವನು ಮೈಸೂರಿನ ಆಟಗಾರ ಸಾರಂಗಪಾಣಿ ರಾಮನ್. ಒಲಿಂಪಿಕ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಅದು. ಸಿಕ್ಕಿದ ಎರಡು ಪೆನಾಲ್ಟಿಗಳೂ ಕೈತಪ್ಪಿ, ಆಟ ಮುಗಿಯಲು ಒಂದು ನಿಮಿಷವಿದ್ದಾಗ ಎದುರಾಳಿ ಇನ್ನೊಂದು ಗೋಲು ಹೊಡೆದು, ಭಾರತ 1-2ರಿಂದ ಸೋತಿತು. ಆ ತಂಡದಲ್ಲಿ ರಾಮನ್ನನ ಜೊತೆಗೆ ವರದರಾಜ್, ಬಷೀರ್, ಧನರಾಜ್, ಅಹಮದ್ ಖಾನ್, ಇಷ್ಟು ಮಂದಿ ಬೆಂಗಳೂರಿನ ಮಣ್ಣಿನಲ್ಲಿ ಆಟ ಕಲಿತವರು ಇದ್ದರು. ಕಡೆಯ ಇಬ್ಬರು ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಐವರು ಮುನ್ನುಗ್ಗಾಳುಗಳಲ್ಲಿ ಸೇರಿದರು. ಬಂಗಾಳದ ಜನ ಆ ಐವರನ್ನು ‘ಪಂಚಪಾಂಡವರು’ ಎಂದು ಕರೆದರು. ಅಹಮದ್ ಖಾನನನ್ನು ಪಾಂಡವರ ಸಾಲಿನಲ್ಲಿ ಕೂರಿಸಲು ಅವರಿಗೆ ಯಾವ ಸಂಕೋಚವೂ ಆಗಲಿಲ್ಲ. ಕುಮಾರವ್ಯಾಸನನ್ನು ಪಾಠ ಹೇಳುವ ನನಗೆ ಆ ಹೆಸರು ಬಹಳ ಹಿಡಿಸಿತು.

ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣವನ್ನು ನಾನು ಹೊಕ್ಕಾಗ ಮಧ್ಯಾಹ್ನದ ಬಿಸಿಲು. ನೆಲದಲ್ಲಿ ಗರಿಕೆಯಿಲ್ಲ, ಕೃತಕ ಹುಲ್ಲಿನ ಹಾಸು. ಪಕ್ಕದಲ್ಲಿ ದೊಡ್ಡ ಮಾಲಿನ ಕಟ್ಟಡ. ಅಲ್ಲಿ ಜನಜಂಗುಳಿ, ಇಲ್ಲಿ ಸಿಮೆಂಟಿನ ಮೆಟ್ಟಿಲುಗಳ ಮೇಲೆ ಅರವತ್ತು ಮಂದಿ ಇದ್ದರೆ ಹೆಚ್ಚು. ಇದೇ ಮೈದಾನದಲ್ಲಿ 2013-14ರಲ್ಲಿ, ಆಗತಾನೆ ಹುಟ್ಟಿದ್ದ ಬೆಂಗಳೂರು ಎಫ್‌ಸಿ ತಂಡ ತನ್ನ ಮೊದಲ ವರ್ಷದ ಮನೆಯಂಗಳದ ಪಂದ್ಯಗಳನ್ನಾಡಿ, ಕಡೆಗೆ 2014ರ ಏಪ್ರಿಲ್ 21ರಂದು ಗೋವೆಯ ಮಡಗಾಂವಿನಲ್ಲಿ ಡೆಂಪೋ ತಂಡವನ್ನು 4-2ರಿಂದ ಸೋಲಿಸಿ ರಾಷ್ಟ್ರೀಯ ಲೀಗಿನ ಪ್ರಶಸ್ತಿ ಪಡೆಯಿತು. ಪಶ್ಚಿಮದ ಮೆಟ್ಟಿಲುಗಳ ಹೆಸರನ್ನೇ ಇಟ್ಟುಕೊಂಡು ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಬಳಗವೂ ಹುಟ್ಟಿತು. ನಾನು ಹೋದ ದಿನ ಆ ಗದ್ದಲದ ಸುಳಿವೂ ಇರಲಿಲ್ಲ.

ನನ್ನ ಮಗ್ಗುಲಲ್ಲಿ ವೃದ್ಧರೊಬ್ಬರು ಕುಳಿತಿದ್ದರು. ತಲೆಗೆ ಟವಲು, ಕೈಯಲ್ಲಿ ಕಡಲೆಕಾಯಿಯ ಪೊಟ್ಟಣ.

“ಯಾವ ಕಡೆ ಸಾರ್ ನೀವು?” ಎಂದರು.

“ದೊಡ್ಡಬಳ್ಳಾಪುರ. ನನ್ನ ವಿದ್ಯಾರ್ಥಿ ಆಡ್ತಾನೆ, ಅದಕ್ಕೆ ಬಂದೆ.”

“ಅಷ್ಟು ದೂರದಿಂದ ಈ ಮ್ಯಾಚಿಗಾ!” ಎಂದು ಪೊಟ್ಟಣವನ್ನು ನನ್ನ ಕಡೆ ನೀಡಿದರು. “ನಮ್ಮಪ್ಪ ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಬಂಗಾಳದ ಮ್ಯಾಚ್ ತೋರಿಸಿದ್ರು. ಚಿಕ್ಕೋನು ನಾನು. ಮನೇಲಿ ನಮ್ಮದು ತಮಿಳು. ಆದ್ರೆ ಗ್ರೌಂಡಲ್ಲಿ ಎಲ್ಲಾರೂ ಕೂಗಿದ್ದು ‘ಮೈಸೂರ್, ಮೈಸೂರ್’ ಅಂತಾನೇ.”

ಅವರು ಹೇಳಿದ್ದು 1968-69ರ ಮಾತು. ಆ ಸಲವೂ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯ ಬೆಂಗಳೂರಿನಲ್ಲಿಯೇ ನಡೆದು, ಮೈಸೂರು ಬಂಗಾಳವನ್ನು ಸೋಲಿಸಿತು. 1952-53, 1967-68ರ ಗೆಲುವುಗಳೂ ಸೇರಿ ಅದು ನಾಲ್ಕನೆಯ ಜಯ.

ನನ್ನ ಶಿಷ್ಯ ಕಡೆಯ ಇಪ್ಪತ್ತು ನಿಮಿಷ ಆಡಿದನು. ಬಲಬದಿಯಲ್ಲಿ ಎರಡು ಸಲ ಚೆನ್ನಾಗಿ ಓಡಿದನು. ಅವನು ಕಳಿಸಿದ ಒಂದು ಚೆಂಡು ಗೋಲುಕಂಬದ ಮುಂದೆ ಹಾದು ಯಾರ ಕಾಲಿಗೂ ಸಿಕ್ಕದೆ ಹೋಯಿತು. ನಾನು ಎದ್ದು ನಿಂತು ಅವನ ಹೆಸರು ಕೂಗಿದೆನು. ಹೆಸರು ಕೇಳಿಸಿಕೊಂಡ ಯಜಮಾನರು ತಾವೂ “ಹೊಡಿ ತಮ್ಮಾ!” ಎಂದು ದನಿಗೂಡಿಸಿದರು. ಅವರಿಗೆ ಆ ತಂಡದ ಪರಿಚಯವೂ ಇರಲಿಲ್ಲ. ನಮ್ಮವರು ಒಂದು ಗೋಲಿನಿಂದ ಸೋತರು.

ಅರವತ್ತು ಮಂದಿಯ ನಡುವೆ ಕುಳಿತಿದ್ದಾಗ, ಈ ಆಟ ಇಷ್ಟು ಕುಗ್ಗಲು ಕಾರಣವೇನೆಂದು ಯೋಚಿಸಿದೆನು. ಎಚ್‌ಎಎಲ್, ಐಟಿಐಗಳಂಥ ಸರ್ಕಾರಿ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟಿದ್ದ ಕಾಲವೊಂದಿತ್ತು. 1977ರಲ್ಲಿ ಮೊದಲ ಫೆಡರೇಷನ್ ಕಪ್ ಗೆದ್ದದ್ದು ಮೋಹನ್ ಬಾಗಾನನ್ನು ಮಣಿಸಿದ ಐಟಿಐ. ಕಾರ್ಖಾನೆಗಳ ಕಸುವು ಕುಗ್ಗಿದಂತೆ ನೌಕರಿಯೂ ಹೋಯಿತು, ಆಟದ ಆಸರೆಯೂ ಹೋಯಿತು. ಕ್ರಿಕೆಟ್ಟಿನ ವ್ಯಾಮೋಹ ಒಂದು ಕಡೆ. ಆದರೆ ಕನ್ನಡ ಬರೆಯುವ ನಮ್ಮ ಪಾಲೂ ಇಲ್ಲದಿಲ್ಲ. ದಂಡಿನ ಆಟವೆಂದು ನಾವು ಇದನ್ನು ಕಬ್ಬನ್ ಪಾರ್ಕಿನ ಆಚೆಗೇ ಬಿಟ್ಟೆವು. ಬಂಗಾಳಿಗಳು ನಮ್ಮವರಿಗೆ ಮಹಾಭಾರತದ ಹೆಸರಿಟ್ಟರು. ನಾವು ಇರುವ ಹೆಸರನ್ನೇ ಮರೆತೆವು. ಇಲ್‌ಫರ್ಡಿನಲ್ಲಿ ಗೋಲು ಹೊಡೆದವನು ಯಾರೆಂದು ನನ್ನ ತರಗತಿಯಲ್ಲಿ ಕೇಳಿದಾಗ ಉತ್ತರ ಬರಲಿಲ್ಲ. ಉತ್ತರ ಸಿಗುವಂಥ ಕನ್ನಡ ಪಠ್ಯವನ್ನು ಅವರ ಕೈಗೆ ಯಾರೂ ಕೊಟ್ಟಿರಲಿಲ್ಲ.

1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಆ ಹೆಸರಿನಲ್ಲಿ ಸಂತೋಷ್ ಟ್ರೋಫಿ ಗೆಲ್ಲಲು ಅರ್ಧ ಶತಮಾನವೇ ಬೇಕಾಯಿತು. 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ, ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿತು. ಆ ದಿನ ನಮ್ಮ ಪರವಾಗಿ ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕಿ ಓರಾಮ್, ರಾಬಿನ್ ಯಾದವ್. ಮನೆಮಾತು ಯಾವುದೆಂದು ಕೇಳದೆಯೆ ನಾಡು ಮತ್ತೊಮ್ಮೆ ತನ್ನ ಹೆಸರನ್ನು ಆಟಗಾರರ ಎದೆಯ ಮೇಲೆ ಬರೆದು ಕಳುಹಿಸಿತ್ತು. ಅವರು ಅದನ್ನು ಗೌರವದಿಂದ ಹಿಂದಕ್ಕೆ ತಂದರು. ಬರಿಗಾಲಿನ ಬಷೀರ್, ರಾಮನ್‌ರ ಕಾಲದಿಂದ ನಡೆದುಬಂದ ಪದ್ಧತಿ ಇದು. ಇದನ್ನು ಬರೆದಿಡುವ ಕೆಲಸ ಮಾತ್ರ ನಮ್ಮ ಕಡೆಯಿಂದ ಇನ್ನೂ ಬಾಕಿಯಿದೆ.