ತಿದಿಯೊತ್ತಿದ ಹುಡುಗ

1913ರ ಜುಲೈ 9. ಫ್ರಾನ್ಸಿನ ದಕ್ಷಿಣದಂಚಿನ ಪಿರನೀಸ್ ಪರ್ವತಗಳಲ್ಲಿ, ಟೂರ್ಮಲೆ ಕಣಿವೆಮಾರ್ಗದ ಇಳಿಜಾರಿನಲ್ಲಿ ಒಬ್ಬ ಸವಾರ ತನ್ನ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದ. ಅವನ ಹೆಸರು ಯೂಜೆನ್ ಕ್ರಿಸ್ತೋಫ್. 5,000 ಕಿಲೋಮೀಟರಿಗೂ ಮಿಗಿಲಾದ 'ಟೂರ್ ದ ಫ್ರಾನ್ಸ್' ಯಾತ್ರೆಯಲ್ಲಿ ಆ ಹೊತ್ತಿಗೆ ಎರಡನೆಯ ಸ್ಥಾನದಲ್ಲಿದ್ದವನು. ಅಂದಿನ ಹಂತ ಬಯೋನ್ ಪಟ್ಟಣದಿಂದ ಲುಶೋನ್‌ವರೆಗೆ 326 ಕಿಲೋಮೀಟರ್. ನಡುದಾರಿಯಲ್ಲಿ, 2,115 ಮೀಟರ್ ಎತ್ತರದ ಟೂರ್ಮಲೆಯನ್ನು ದಾಟಿ ಇಳಿಯುವಾಗ, ಮುಂದಿನ ಗಾಲಿಯನ್ನು ಹಿಡಿದಿರುವ ಫೋರ್ಕು ಮುರಿಯಿತು.

ಬೇರೆ ಸೈಕಲ್ ಪಡೆಯುವಂತಿರಲಿಲ್ಲ. ಅನ್ಯರ ನೆರವೂ ನಿಷಿದ್ಧ. ಈ ಕಟ್ಟಳೆ ಅರ್ಥಹೀನವಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಸ್ಪರ್ಧೆಯ ರೂವಾರಿ ಆಂರಿ ದೆಗ್ರಾಂಜ್‌ಗೆ ಸೈಕಲ್ ಕಂಪನಿಗಳ ಹಣಬಲದ ಬಗ್ಗೆ ಗುಮಾನಿಯಿತ್ತು. ಗೆಲುವು ಸವಾರನದಾಗಬೇಕು, ಕಂಪನಿಯದಲ್ಲ ಎಂಬುದು ಆತನ ಹಟ.

ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಕ್ರಿಸ್ತೋಫ್ ಸಾಂತ್ ಮರೀ ದ ಕಾಂಪಾ ಎಂಬ ಪುಟ್ಟ ಊರನ್ನು ತಲುಪಿದ. ಅಲ್ಲಿ ಒಂದು ಕುಲುಮೆಯಿತ್ತು. ಕಮ್ಮಾರ ಲಕೋಂತ್ ಬೆಸುಗೆ ಹಾಕಿಕೊಡಲು ಸಿದ್ಧನಿದ್ದರೂ ನಿಯಮ ಅಡ್ಡಬಂತು. ಕ್ರಿಸ್ತೋಫ್ ಎಳೆಯ ವಯಸ್ಸಿನಲ್ಲಿ ಬೀಗದ ಕೆಲಸ ಕಲಿತವನಾದ್ದರಿಂದ ಸುತ್ತಿಗೆ ಅವನ ಕೈಗೆ ಹೊಸತಲ್ಲ. ಕಮ್ಮಾರ ಬಾಯಲ್ಲಿ ಹೇಳುತ್ತ ಹೋದ; ಅವನು ಕಬ್ಬಿಣ ಕಾಯಿಸಿ ಬಡಿದ. ಸ್ಪರ್ಧೆಯ ಅಧಿಕಾರಿ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಆದರೆ ಕೆಂಡದಲ್ಲಿ ಕಬ್ಬಿಣ ಹಿಡಿದವನು ತಿದಿಯನ್ನೂ ತಾನೇ ಒತ್ತುವುದು ಹೇಗೆ? ಊರಿನ ಏಳು ವರ್ಷದ ಬಾಲಕನೊಬ್ಬ ತಿದಿಯೊತ್ತಿದ.

ಮೂರು ಗಂಟೆಯ ಬಳಿಕ ಸೈಕಲ್ ಸಿದ್ಧವಾಯಿತು. ಅಧಿಕಾರಿ ಹತ್ತು ನಿಮಿಷಗಳ ದಂಡ ವಿಧಿಸಿದ. ಕಾರಣ: ಹುಡುಗನ ನೆರವು. ಮುಂದೆ ಅದನ್ನು ಮೂರು ನಿಮಿಷಕ್ಕೆ ಇಳಿಸಲಾಯಿತು. ಕ್ರಿಸ್ತೋಫ್ ಉಳಿದ ಬೆಟ್ಟಗಳನ್ನೂ ಹತ್ತಿ ಲುಶೋನ್ ತಲುಪಿದಾಗ ಆ ದಿನದ ವಿಜೇತ ಫಿಲಿಪ್ ಟೀಸ್‌ಗಿಂತ ಸುಮಾರು ನಾಲ್ಕು ಗಂಟೆ ಹಿಂದಿದ್ದ. ಟೀಸ್ ಆ ವರ್ಷದ ಟೂರ್ ಗೆದ್ದ. ಕ್ರಿಸ್ತೋಫ್‌ಗೆ ಏಳನೆಯ ಸ್ಥಾನ ದಕ್ಕಿತು. ನಾಲ್ಕು ಗಂಟೆಯ ಮುಂದೆ ಆ ಹತ್ತು ನಿಮಿಷ ಯಾವ ಲೆಕ್ಕಕ್ಕೂ ಬರಲಿಲ್ಲ.

ಈ ಪ್ರಸಂಗವನ್ನು ಓದಿದಾಗಲೆಲ್ಲ ನನ್ನ ಕಣ್ಣು ಸವಾರನಿಗಿಂತ ಅಧಿಕಾರಿಯ ಮೇಲೆ ನೆಡುತ್ತದೆ. ಇಪ್ಪತ್ತು ವರ್ಷಗಳಿಂದ ಸರ್ಕಾರಿ ಕಡತಗಳ ನಡುವೆ ಇರುವ ನಾನು ಅದೇ ಜಾಗದಲ್ಲಿ ನಿಂತಿದ್ದೇನೆ. ಒಂದು ದೃಢೀಕರಣದ ಸಹಿ ಇಲ್ಲವೆಂದು ವೃದ್ಧೆಯೊಬ್ಬರ ಕುಟುಂಬ ಪಿಂಚಣಿಯ ಅರ್ಜಿಯನ್ನು ಹಿಂದಿರುಗಿಸಿದ್ದೆ. ನಿಯಮದಂತೆ ಅದು ಸರಿ. ನನ್ನ ಟಿಪ್ಪಣಿಯಲ್ಲಿ ತಪ್ಪು ಹುಡುಕಲಾಗದು. ಆಕೆಯೇ ಅರ್ಜಿದಾರರೆಂಬ ಬಗ್ಗೆ ಮಾತ್ರ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಮತ್ತೆ ಎರಡು ತಿಂಗಳು ಅವರು ಅಲೆದರು. ನಿಯಮ ಯಾರನ್ನು ತಡೆಯಲು ಹುಟ್ಟಿತೋ ಅವರಾರೂ ಆ ಕುಲುಮೆಯಲ್ಲಿ ಇರಲಿಲ್ಲ. ನನ್ನ ಮೇಜಿನ ಮುಂದೆಯೂ ಇರಲಿಲ್ಲ.

ಕ್ರಿಸ್ತೋಫ್ ಟೂರ್ ಅನ್ನು ಎಂದೂ ಗೆಲ್ಲಲಿಲ್ಲ. 1919ರಲ್ಲಿ ಮುಂಚೂಣಿಯ ಸವಾರನ ಹಳದಿ ಅಂಗಿಯನ್ನು ಚರಿತ್ರೆಯಲ್ಲಿ ಮೊದಲು ತೊಟ್ಟವನು ಅವನೇ. ಆಗಲೂ ಕೊನೆಯ ಹಂತಗಳಲ್ಲಿ ಫೋರ್ಕು ಮುರಿದು ಮೂರನೆಯವನಾದ. ಸಾಂತ್ ಮರೀ ದ ಕಾಂಪಾದಲ್ಲಿ ಇಂದು ಅವನ ನೆನಪಿನ ಫಲಕವಿದೆ, ಪ್ರತಿಮೆಯೂ ಇದೆ. ಟೀಸ್ ಆ ದಿನ ಎಷ್ಟು ಹೊತ್ತಿಗೆ ಗುರಿ ಮುಟ್ಟಿದನೆಂದು ಕೇಳಿದರೆ ಬಲ್ಲವರು ವಿರಳ. ಹುಡುಗ ತಿದಿಯೊತ್ತಿದ್ದು ಮಾತ್ರ ಎಲ್ಲರಿಗೂ ಗೊತ್ತು. ಅದನ್ನೇ ಅಪರಾಧವೆಂದು ಎಣಿಸಿ ಅಧಿಕಾರಿ ದಂಡ ವಿಧಿಸಿದ್ದನ್ನು ನೆನೆದರೆ, ನಾಳೆ ಬೆಳಿಗ್ಗೆ ಕಡತ ತೆರೆಯುವ ಮುನ್ನ ನನ್ನ ಕೈ ಕ್ಷಣಕಾಲ ತಡೆಯುತ್ತದೆ.